ಸರ್ಟಿಫಿಕೇಟಿಗೆಂದು ಹೊಡೆದ ಮೊಳೆ

ಮೂಡಲಗಿಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಆದರೆ ಇಪ್ಪತ್ತು ವರ್ಷ ಒಂದು ದಿನವೂ ತಪ್ಪದೆ ಜೋಳ ಬೀಸಿದ್ದೇನೆ. ಜೋಳದ ಜೊತೆಗೆ ಊರಿನ ದುಃಖವನ್ನೂ ಬೀಸಿದ್ದೇನೆ. ಡಬ್ಬಿ ಇಟ್ಟು ಸರದಿ ಕಾಯುವ ಹೆಂಗಸರು ಅತ್ತೆಯ ಕಾಟ ಹೇಳುತ್ತಿದ್ದರು, ಗಂಡಸರು ಅಳಿಯನ ಕುಡಿತ ಹೇಳುತ್ತಿದ್ದರು. ನಾನು ಗಿರಣಿ ಚಾಲೂ ಮಾಡುವ ಮೊದಲೇ, ಕಾಳು ಸುರಿಯುತ್ತ ಪರಿಹಾರ ಹೇಳುತ್ತಿದ್ದೆ. ಕಾಳು ನುಣ್ಣಗಾಗುವುದರೊಳಗೆ ಸಮಸ್ಯೆಯೂ ನುಣ್ಣಗಾಗಬೇಕು. ಅದು ನನ್ನ ಶಿಸ್ತು!

ಇಂಥ ಹೊತ್ತಿನಲ್ಲಿ ಗೋಕಾಕದಲ್ಲಿ ಒಂದು ಸಂಸ್ಥೆಯವರು ಆಪ್ತ ಸಮಾಲೋಚಕರ ತರಬೇತಿ ಇಟ್ಟರು. ಪ್ರತಿ ರವಿವಾರ ಕ್ಲಾಸು, ಕೊನೆಗೆ ಪರೀಕ್ಷೆ, ಪಾಸಾದರೆ ಸರ್ಟಿಫಿಕೇಟು. ಶಾಲೆ ಇಷ್ಟೇ ಓದಿರಬೇಕೆಂಬ ನಿಯಮವಿಲ್ಲ. ನನ್ನ ಎದೆ ಉಬ್ಬಿತು. ಗಿರಣಿಯ ತಕ್ಕಡಿಗೆ ಸರಕಾರದ ಮುದ್ರೆ ಇದೆ, ತೂಕದ ಕಲ್ಲಿಗೆ ಮುದ್ರೆ ಇದೆ, ಇಷ್ಟು ಸಂಸಾರ ಉಳಿಸಿದ ನನ್ನ ಬಾಯಿಗೆ ಮಾತ್ರ ಯಾವ ಮುದ್ರೆಯೂ ಇಲ್ಲವೆಂದರೇನು? ಹೆಸರು ಹಚ್ಚಿ ಬಂದ ದಿನವೇ ತಕ್ಕಡಿಯ ಮೇಲಿನ ಗೋಡೆಗೆ ಒಂದು ಮೊಳೆ ಹೊಡೆದೆ.

"ಕಾಗದ ಬರೂಕಿಂತ ಮದಲ ಮೊಳಿ ಯಾಕ್ರಿ?" ಎಂದು ದಿನವಿಡೀ ಯಂತ್ರದ ಬುಡದಲ್ಲಿ ಕುಳಿತು ಹಿಟ್ಟು ತುಂಬುವ ಹೆಂಡತಿ ಪದ್ಮಾ ಜೋರಾಗಿ ಕೇಳಿದಳು. ಇತ್ತೀಚೆಗೆ ಅವಳು ಎಲ್ಲವನ್ನೂ ಜೋರಾಗಿಯೇ ಕೇಳುತ್ತಿದ್ದಳು.

ಕಲಿಸಲು ಹುಕ್ಕೇರಿಯಿಂದ ಸುಮತಿ ಮೇಡಂ ಬರುತ್ತಿದ್ದರು. ಅವರು ಮೊದಲ ದಿನವೇ ಹಲಗೆಯ ಮೇಲೆ ಬರೆದರು: ಸಲಹೆ ಕೊಡಬಾರದು.

ನಾನು ಎದ್ದು ನಿಂತೆ. "ಸಲಹೆ ಕೊಡಬಾರದಂದ್ರ ಮತ್ತೇನ ಕೊಡೂದ್ರಿ?"

"ಕಿವಿ ಕೊಡ್ರಿ, ಭರಮಣ್ಣ."

ಬಸ್ಸಿನ ಚಾರ್ಜು ಕೊಟ್ಟು ಬಂದು ಇದನ್ನು ಕಲಿಯಬೇಕೆ! ಮೇಡಂ ನಿಲ್ಲಿಸಲಿಲ್ಲ. ಕೇಳಿದ ಗುಟ್ಟನ್ನು ಯಾರಿಗೂ ಹೇಳಬಾರದು. ಇನ್ನೊಬ್ಬರ ಕಿವಿಗೆ ಬೀಳದ ಜಾಗದಲ್ಲಿಯೇ ಮಾತಾಡಿಸಬೇಕು. ಸ್ವಂತ ಮನೆಯವರಿಗೆ ಸಮಾಲೋಚನೆ ಮಾಡಲೇಬಾರದು. ನಾನು ಎಲ್ಲವನ್ನೂ ವಹಿಯಲ್ಲಿ ಬರೆದುಕೊಂಡೆ. ಮುಂದೆ ಬಾಗಿ ಕೂಡುವುದು, ತಲೆಯಾಡಿಸುವುದು, ಕೈ ಕಟ್ಟದಿರುವುದು, ಇವನ್ನು ಕನ್ನಡಿಯ ಮುಂದೆ ರೂಢಿ ಮಾಡಿದೆ.

"ಏನ್ರಿ, ನಿಮಗೊಂದ ಮಾತ ಹೇಳೂದೈತಿ" ಎಂದು ಪದ್ಮಾ ನಡುವೆಯೇ ಬಂದು ನಿಲ್ಲುತ್ತಿದ್ದಳು.

"ಆಮ್ಯಾಲ ಹೇಳ. ಮಂದಿ ಮಾತ ಹ್ಯಾಂಗ ಕೇಳಬೇಕು ಅಂತ ಓದಾಕತ್ತೇನಿ!"

ಅವಳು ಪಾತ್ರೆ ಕುಕ್ಕಿ ಹೋಗುತ್ತಿದ್ದಳು. ನಾನು ವಹಿಯಲ್ಲಿ ಬರೆದೆ: ಸಿಟ್ಟು ಬಹಳ. ಸಹಕಾರ ಇಲ್ಲ.

ಕೊನೆಯ ಪರೀಕ್ಷೆಗೆ ಮೇಡಂ ನಮ್ಮ ನಮ್ಮ ಜಾಗಕ್ಕೇ ಬರುವವರಿದ್ದರು. ದೂರ ಕುಳಿತು ನಮ್ಮ ರೀತಿ ನೋಡುತ್ತಾರೆ, ಮಾತು ಕೇಳುವುದಿಲ್ಲ. ಆದರೆ ಖಾಸಗಿ ಕೋಣೆ ಬೇಕು. ಗಿರಣಿಯಲ್ಲಿ ಎಲ್ಲಿಯ ಕೋಣೆ? ನನ್ನ ತಲೆ ಓಡಿತು. ಗಿರಣಿ ತಿರುಗುವಾಗ ಪಕ್ಕದಲ್ಲಿ ನಿಂತವನ ಕೂಗೂ ಕೇಳುವುದಿಲ್ಲ. ಆ ಸದ್ದಿಗಿಂತ ಗಟ್ಟಿ ಗೋಡೆ ಯಾವ ಗೌಂಡಿ ಕಟ್ಟಿಯಾನು? ಯಂತ್ರದ ಪಕ್ಕದಲ್ಲೇ ಎರಡು ಸ್ಟೂಲು ಹಾಕಿದೆ.

ದುಃಖ ಹೇಳಲು ಒಪ್ಪಿದ್ದವನು ಕುರಿಗಾರ ಸಿದ್ದಪ್ಪ. ಮೇಡಂ ಬರುವ ಹೊತ್ತಿಗೆ ಅವನು ಬಾಗಿಲಲ್ಲೇ ನಿಂತು ಹೇಳಿದ: "ಭರಮಣ್ಣ, ಇವತ್ತ ಒಬ್ಬರ ಹೊಲದಾಗ ಗೊಬ್ಬರಕ್ಕ ಕುರಿ ನಿಲ್ಲಸಬೇಕು. ದುಃಖ ನಾಳಿಗೆ ಹೇಳತೇನಿ." ಹೋಗಿಯೇಬಿಟ್ಟ!

ದೂರದಲ್ಲಿ ಮೇಡಂ ಕಂಡರು. ನಾನು ಒಳಗೆ ಓಡಿದೆ. "ಪದ್ಮಾ, ತಲಿ ತುಂಬ ಸೆರಗ ಹೊತಗೊಂಡ ಬಂದ ಕುಂದ್ರು. ಏನರ ದುಃಖ ಹೇಳು." ಮೂರು ಸಲ ಕೂಗಿ ಹೇಳಬೇಕಾಯಿತು.

"ಸುಳ್ಳ ಹೇಳ್ಲೋ, ಖರೇ ಹೇಳ್ಲೋ?"

"ಯಾವುದರ ಹೇಳ ಮಾರಾಯ್ತಿ!"

ಗಿರಣಿ ಗುಡುಗತೊಡಗಿತು. ಸರದಿಯಲ್ಲಿ ಏಳು ಮಂದಿ ಹೆಂಗಸರು. ಮೂಲೆಯಲ್ಲಿ ಫಾರ್ಮು ಹಿಡಿದ ಮೇಡಂ. ಪದ್ಮಾ ಕೂಗಿ ಕೂಗಿ ಹೇಳತೊಡಗಿದಳು. ದೇವರಾಣೆ, ನನಗೆ ಒಂದು ಅಕ್ಷರವೂ ಕೇಳಲಿಲ್ಲ. ಆದರೆ ಹೇಗೆಲ್ಲ ತಲೆಯಾಡಿಸಿದೆ! ಎಷ್ಟು ಚಂದ ಬಾಗಿ ಕುಳಿತೆ! ಮೇಡಂ ಮೆಚ್ಚಿ ಫಾರ್ಮಿನಲ್ಲಿ ಟಿಕ್ಕು ಹಾಕುವುದು ನನಗೆ ಕಾಣುತ್ತಿತ್ತು.

ಆಗ ಕರೆಂಟು ಹೋಯಿತು.

ಯಂತ್ರದ ಪಟ್ಟಾ ಎರಡು ಸುತ್ತು ತಿರುಗಿ ನಿಂತಿತು. ಪದ್ಮಾ ನಿಲ್ಲಲಿಲ್ಲ.

"ಆರ ತಿಂಗಳಾತ್ರಿ, ಬಲಗಿವಿ ಕೇಳಾಣಿಲ್ಲ! ಗಿರಣಿ ಬಂದ್ ಆದ್ರೂ ಕಿವ್ಯಾಗ ಗಿರಣಿ ತಿರಗತೈತಿ! ಗೋಕಾಕದ ಡಾಕ್ಟರಗೆ ತೋರಸ್ರಿ ಅಂತ ಹೇಳಾಕ ಹೋದ್ರ, ನಮ್ಮ ಮನಿಯವರು ಪ್ರತಿ ರವಿವಾರ ಗೋಕಾಕಕ್ಕ ತಾವ ಒಬ್ಬರ ಹೋಗತಾರ! ಕೇಳೂದ ಕಲಿಯಾಕ!"

ನಾನು ಸಾಕೆಂದು ಕೈ ಎತ್ತಿದೆ. ಅವಳು ಇನ್ನೂ ಜೋರು ಮಾಡು ಎಂದು ತಿಳಿದಳು.

"ಮಂದಿ ಗುಟ್ಟೆಲ್ಲಾ ಊಟಕ್ಕ ಕುಂತಾಗ ನನಗ ಹೇಳತಾರ್ರಿ! ನನ್ನ ಮಾತ ಮಾತ್ರ ಕೇಳಾಣಿಲ್ಲ!"

ಏಳು ಡಬ್ಬಿಗಳು ಒಮ್ಮೆಲೇ ಸದ್ದು ಮಾಡಿದವು. "ಭರಮಣ್ಣ, ನನ್ನ ಗುಟ್ಟೂ ಹೇಳೀಯೇನ?" ಎಂದು ಒಬ್ಬಾಕೆ ಸೊಂಟಕ್ಕೆ ಕೈಯಿಟ್ಟಳು.

"ಈಕಿ ಮನಿಯವರು ಯಾರ್ರಿ?" ಎಂದು ಮೇಡಂ ಕೇಳಿದರು.

ಏಳೂ ಕೈಗಳು ನನ್ನ ಕಡೆ ತಿರುಗಿದವು.

ಮೇಡಂ ಹಾಕಿದ್ದ ಟಿಕ್ಕುಗಳನ್ನೆಲ್ಲ ಒಂದೊಂದಾಗಿ ಹೊಡೆದುಹಾಕಿದರು. ನಾನು ತಲೆ ತಗ್ಗಿಸಿದೆ. ಸರ್ಟಿಫಿಕೇಟು ಹೋದದ್ದಕ್ಕಲ್ಲ. ಆರು ತಿಂಗಳು ಆ ಜೋರು ದನಿಯನ್ನು ಸಿಟ್ಟೆಂದು ವಹಿಯಲ್ಲಿ ಬರೆದವನು ನಾನೇ!

"ಈಗೇನ ಮಾಡ್ಲಿ, ಮೇಡಂ?"

"ಸಲಹೆ ಕೊಡಬಾರದಂತ ಕಲಿಸಿದಾಕಿ ನಾನ" ಎಂದರು ಅವರು. "ಇವತ್ತ ಒಂದ ಸಲ ನಿಯಮ ಮುರೀತೇನಿ. ನಾಳೆ ಮದಲನೇ ಬಸ್ಸಿಗೆ ಕರಕೊಂಡ ಹೋಗ್ರಿ."

ಗೋಕಾಕದ ಡಾಕ್ಟರು ಪದ್ಮಾಳ ಕಿವಿ ನೋಡಿ, ಗಿರಣಿಯ ಸದ್ದಿಗೆ ಬಲಗಿವಿ ಸೋತಿದೆ, ಎಡಗಿವಿ ಉಳಿಯಬೇಕಾದರೆ ಯಂತ್ರದಿಂದ ದೂರ ಇರಿ ಎಂದರು. ತಡ ಮಾಡಿದ್ದಕ್ಕೆ ನನ್ನನ್ನು ಬೈದರು. ಏಳುವಾಗ ಪದ್ಮಾ ಹೇಳಿದಳು: "ಸಾಹೇಬ್ರ, ಇವರ ಕಿವೀನೂ ಒಂದೀಟ ನೋಡ್ರಿ. ಮನ್ಯಾಗ ಒಂದ ಮಾತೂ ಕೇಳಸೂದಿಲ್ಲ."

ನೋಡಿದರು. ಬರೆದುಕೊಟ್ಟರು.

ಈಗ ಪದ್ಮಾ ಅಂಗಳದ ಬೇವಿನ ನೆರಳಲ್ಲಿ ಕೂಡುತ್ತಾಳೆ. ಹೆಂಗಸರು ಅವಳ ಎಡಗಡೆ ಕುಳಿತು ದುಃಖ ಹೇಳುತ್ತಾರೆ. ಅವಳು ಸಲಹೆ ಕೊಡುವುದಿಲ್ಲ, ಒಂದು ಮಾತೂ ಹೊರಗೆ ಬಿಡುವುದಿಲ್ಲ. ನಾನು ಜೋಳ ಬೀಸುತ್ತೇನೆ. ಜೋಳ ಮಾತ್ರ!

ಮೊಳೆ ಖಾಲಿ ಉಳಿಯಲಿಲ್ಲ. ನನ್ನ ಹೆಸರು, ಸಹಿ, ದುಂಡನೆಯ ಮುದ್ರೆ, ಎಲ್ಲ ಇರುವ ಕಾಗದಕ್ಕೆ ಪದ್ಮಾ ತಾನೇ ಗಾಜು ಹಾಕಿಸಿ ತೂಗುಹಾಕಿದ್ದಾಳೆ: "ಇವರ ಎರಡೂ ಕಿವಿಗಳು ಸರಿಯಾಗಿ ಕೇಳುತ್ತವೆ." ಅವಳು ಕರೆದಾಗ ಕೇಳಿಸಲಿಲ್ಲವೆಂದು ನಾನು ಬಾಯಿ ತೆರೆದರೆ ಸಾಕು, ಗೋಡೆ ತೋರಿಸುತ್ತಾಳೆ.