ಅರವತ್ತು ಪರ್ಸೆಂಟ್ ಬಚ್ಚಲು

ನನ್ನ ಮೈದುನನಿಗೆ ಹಸಿವಾಗಿದೆಯೋ ಇಲ್ಲವೋ ಎನ್ನುವುದು ಅವನ ಹೊಟ್ಟೆಗೆ ಗೊತ್ತಾಗುವುದಿಲ್ಲ, ಫೋನಿಗೆ ಗೊತ್ತಾಗುತ್ತದೆ. ನಂಬಿಕೆ ಬರಲಿಲ್ಲವೇ? ಮಂಡ್ಯದ ನಮ್ಮ ಮನೆಗೆ ಒಂದು ಮಧ್ಯಾಹ್ನ ಬನ್ನಿ. ತಟ್ಟೆ ಮುಂದೆ ಕೂತವನು ಮೊದಲು ಬೆರಳಿಡುವುದು ಮುದ್ದೆಗಲ್ಲ, ಆ ಹಾಳು ಗಾಜಿಗೆ!

ಮದ್ದೂರಿನ ಕಡೆ ಮನೆ ಕಟ್ಟಿಸಿಕೊಡುವ ಕಂಟ್ರಾಕ್ಟರು ಅವನು. ಯಾವ ಕೆಲಸ ಎಲ್ಲಿಗೆ ಬಂತೆಂದು ನೋಡಿಕೊಳ್ಳಲು ಹೋದ ವರ್ಷ ಒಂದು ಸಾಫ್ಟ್‌ವೇರ್ ಹಾಕಿಸಿಕೊಂಡ. ಅದರಲ್ಲಿ ಪ್ರತಿ ಕೆಲಸಕ್ಕೂ ಒಂದು ಬಣ್ಣದ ಪಟ್ಟಿ. ಶುರುವಾಗದಿದ್ದರೆ ಬೂದು, ನಡೆಯುತ್ತಿದ್ದರೆ ನೀಲಿ, ಸಿಕ್ಕಿಹಾಕಿಕೊಂಡರೆ ‘ತಡೆ’ ಎಂಬ ಕೆಂಪು, ಯಾರಾದರೂ ನೋಡಿ ಒಪ್ಪಬೇಕಿದ್ದರೆ ‘ಪರಿಶೀಲನೆ’ ಎಂಬ ಹಳದಿ, ಎಲ್ಲ ಸರಿಯಾದರೆ ‘ಪೂರ್ಣ’ ಎಂಬ ಹಸಿರು. ನಾನು ಓದಿದ ಕಾನ್ವೆಂಟಿನ ಸಿಸ್ಟರು ಕೂಡ ರಂಗೋಲಿ ಸ್ಪರ್ಧೆಗೆ ಇಷ್ಟು ಬಣ್ಣ ಕೊಡುತ್ತಿರಲಿಲ್ಲ.

ಸೈಟಿನಲ್ಲಿ ಇದ್ದಿದ್ದರೆ ಸರಿ. ಅದು ನನ್ನ ಅಡುಗೆಮನೆಗೂ ನುಗ್ಗಿತು! ಒಂದು ದಿನ ಸೊಪ್ಪಿನ ಸಾರು ಬಡಿಸಿದೆ. ಒಂದು ತುತ್ತು ನುಂಗಿ ಫೋನು ಒತ್ತಿದ.

“ಉಪ್ಪು ಕಮ್ಮಿ ಕಣತ್ಗೆ. ತಡೆ ಹಾಕಿವ್ನಿ.”

“ಉಪ್ಪಿನ ಡಬ್ಬಿ ನಿನ್ನ ಮೊಣಕೈ ಹತ್ತಿರವೇ ಇದೆಯಲ್ಲಪ್ಪ!”

“ಅಂಗೆಲ್ಲ ನಾನೇ ಆಕ್ಕಳಂಗಿಲ್ಲ. ಮಾಡ್ದೋರೇ ಸರಿಮಾಡ್ಬೇಕು, ನಾನು ಪರಿಸೀಲ್ನೆ ಮಾಡ್ಬೇಕು.”

ಮದುವೆ ಯಾವಾಗ ಎಂದು ಯಾರಾದರೂ ಕೇಳಿದರೂ ಅದೇ ಉತ್ತರ: “ಪರಿಸೀಲ್ನೇಲಿ ಐತೆ.” ಹುಡುಗಿಯರ ಕಡೆಯವರು ಪರಿಶೀಲಿಸಿ ಪರಿಶೀಲಿಸಿ ಎದ್ದು ಹೋದರು, ಇವನ ಹಳದಿ ಪಟ್ಟಿ ಮಾತ್ರ ಹಾಗೇ ಇದೆ!

ನಗುತ್ತಾ ಕಾಲ ಹಾಕುತ್ತಿದ್ದ ನಮಗೆ ನಿಜವಾದ ಸಂಕಟ ಬಂದದ್ದು ನನ್ನತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಾಗ. ಆಪರೇಷನ್ ಮುಗಿಸಿ ಮಳವಳ್ಳಿಯ ಮಗಳ ಮನೆಯಲ್ಲಿ ಮಲಗಿದ್ದರು. ಅಲ್ಲಿ ಮಗಳೇ ಮೀಯಿಸುತ್ತಿದ್ದಳು. ಅತ್ತೆಗೆ ಅದು ಸಾಯುವಷ್ಟು ನಾಚಿಕೆ. “ಇನ್ನೊಬ್ರ ಕೈಲಿ ನೀರು ಉಯ್ಯಿಸ್ಕಳಕ್ಕೆ ನಾನೇನು ಕೂಸಾ? ನಾನೊಬ್ಳೇ ಮಿಂದ್ಕಳಂಗೆ ಬಚ್ಚಲು ಮಾಡು ಕಣ್ಲಾ, ಆಗ ಬತ್ತೀನಿ. ಇಲ್ದಿದ್ರೆ ಇಲ್ಲೇ ಇರ್ತೀನಿ” ಎಂದು ಕಿರಿಮಗನಿಗೆ ಹೇಳಿಬಿಟ್ಟರು.

ಬಚ್ಚಲು ಸಾಫ್ಟ್‌ವೇರಿಗೆ ಹತ್ತಿತು. ಜಾರದ ಟೈಲ್ಸು, ಕೂರಲು ಕಟ್ಟೆ, ಹಿಡಿಯಲು ಕಂಬಿ ಎಂದು ಇಪ್ಪತ್ತೆರಡು ಪಟ್ಟಿಗಳು. ದುದ್ದದಿಂದ ಬರುವ ಮೇಸ್ತ್ರಿಗೂ ಪ್ಲಂಬರಿಗೂ ಮೈದುನನ ಕಟ್ಟಪ್ಪಣೆ: “ಬಾಯಲ್ಲಿ ಯೋಳಂಗಿಲ್ಲ ಕಣ್ರಲಾ. ಏನಿದ್ರೂ ಅದ್ರಲ್ಲೇ ಆಕಿ.”

ಹಾಕಿದರು. ಹಳೆಯದನ್ನು ಒಡೆಯುವುದು, ಸಾಮಾನು ತರಿಸುವುದು ಎಂದು ಹದಿಮೂರು ಪಟ್ಟಿ ಬೇಗ ಹಸಿರಾದವು. ಆಮೇಲೆ ‘ಪೈಪು ಆಗಲಿ’ ಎಂದು ಮೇಸ್ತ್ರಿ ಒಂದು ಕೆಂಪು ಹಾಕಿದ. ‘ನೆಲದ ಮಟ್ಟ ಗುರುತು ಮಾಡಲಿ’ ಎಂದು ಪ್ಲಂಬರು ಇನ್ನೊಂದು ಕೆಂಪು ಹಾಕಿದ. ನಾಲ್ಕು ದಿನ ಬಚ್ಚಲಿಗೆ ನರಪಿಳ್ಳೆ ಬರಲಿಲ್ಲ. ಐದನೆಯ ದಿನ ತರಕಾರಿಗೆಂದು ಹೊರಟ ನಾನು ನೋಡುತ್ತೇನೆ, ಟೀ ಅಂಗಡಿಯ ಒಂದೇ ಬೆಂಚಿನ ಮೇಲೆ ಇಬ್ಬರೂ ಕೂತು, ಒಂದೇ ವಡೆಯನ್ನು ಮುರಿದುಕೊಂಡು ತಿನ್ನುತ್ತಾ, ಒಬ್ಬರಿಗೊಬ್ಬರು ಕಾಯುತ್ತಿದ್ದಾರೆ!

“ಮಾತಾಡ್ಕೋಬಾರದೇನ್ರಪ್ಪ?”

“ಬಾಯಲ್ಲಿ ಯೋಳಂಗಿಲ್ಲ ಅಂದವ್ರಲ್ಲ ಕಣಕ್ಕ” ಎಂದ ಮೇಸ್ತ್ರಿ, ಕೈಯೆಣ್ಣೆ ಒರೆಸಿಕೊಳ್ಳುತ್ತಾ. ಅವನ ತಪ್ಪೇನಿದೆ, ಹೇಳಿ?

ಸಂಜೆ ಮಳವಳ್ಳಿಯಿಂದ ಎಂದಿನಂತೆ ಅತ್ತೆಯ ಫೋನು. “ಏನ್ಲಾ, ನನ್ ಬಚ್ಚಲು ಎಲ್ಲಿಗ್ ಬಂತು?”

“ಅರವತ್ತು ಪರ್ಸೆಂಟು ಆಗೈತೆ ಕಣವ್ವ.”

“ಅರವತ್ತು ಪರ್ಸೆಂಟು ಬಚ್ಚಲಲ್ಲಿ ಎಷ್ಟು ಮಿಂದ್ಕಳ್ಳಿ? ಸೊಂಟದ್ ತಂಕಾನಾ?”

ಮೈದುನ ಅವತ್ತು ಮುದ್ದೆಗೆ ಯಾವ ಬಣ್ಣವನ್ನೂ ಹಾಕದೆ ಎದ್ದ. ಮರುದಿನದಿಂದ ಮದ್ದೂರಿಗೆ ಹೋಗುವುದನ್ನೇ ಬಿಟ್ಟು ಮೇಸ್ತ್ರಿ, ಪ್ಲಂಬರು ಇಬ್ಬರ ನಡುವೆ ಕುಕ್ಕರಗಾಲಲ್ಲಿ ಕೂತ. ಹತ್ತು ದಿನದಲ್ಲಿ ಹಸಿರು ಪಟ್ಟಿ ಇಪ್ಪತ್ತೊಂದಕ್ಕೇರಿತು. ಉಳಿದದ್ದು ಕಂಬಿ ಒಂದೇ; ಗೋಡೆಗೆ ಕೂರಿಸಿದ್ದರೂ ಅದಿನ್ನೂ ಹಳದಿ.

ಕಾಫಿ ಹಿಡಿದು ಬಚ್ಚಲ ಕಡೆ ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ಎಂಬತ್ತು ಕೆಜಿಯ ಈ ಗಂಡಸು, ಎಲ್ಲಿಂದಲೋ ತಂದ ವಾಕರ್ ಹಿಡಿದು, ಎಡಗಾಲನ್ನು ಥೇಟ್ ಅತ್ತೆಯ ಹಾಗೇ ಎಳೆಯುತ್ತಾ ನಡೆಯುತ್ತಿದ್ದಾನೆ! ಕಟ್ಟೆಯ ಮೇಲೆ ಕೂತ. ಕೈ ಚಾಚಿದ. ಕಂಬಿ ಸಿಕ್ಕಿತು. ಆದರೂ ತಲೆಯಾಡಿಸಿದ.

“ಸಿಕ್ತಲ್ಲೋ!” ಎಂದೆ.

“ನಂಗ್ ಸಿಕ್ತು. ಅವ್ವನ್ ಕೈ ಭುಜದಿಂದ ಮ್ಯಾಕ್ಕೆ ಏಳಕಿಲ್ಲ ಅತ್ಗೆ. ಹೋದ್ ವಾರ ಮಳವಳ್ಳೀಲಿ ತಲೆ ಬಾಚ್ಕಳಕ್ಕೆ ಆಗ್ದೆ ಬಾಚಣ್ಗೆ ಮಡಗ್ಬುಟ್ಲು, ನೋಡ್ದೆ.”

ಹೊಸ ಟೈಲ್ಸನ್ನೇ ಒಡೆಸಿ ಕಂಬಿಯನ್ನು ಒಂದು ಗೇಣು ಕೆಳಗಿಳಿಸಿದ.

ಭಾನುವಾರ ಅತ್ತೆ ಬಂದರು. ಸೋಮವಾರ ಬೆಳಿಗ್ಗೆ ವಾಕರ್ ಊರುತ್ತಾ ಬಚ್ಚಲಿಗೆ ನಡೆದರು. ಸೀರೆ ಹಿಡಿದು ಹಿಂದೆ ಹೋದ ನನ್ನನ್ನು “ನೀನೆಲ್ಲಿಗೆ ಬತ್ತೀಯೆ?” ಎಂದು ಗದರಿ, ಸೀರೆ ಕಿತ್ತುಕೊಂಡು ಬಾಗಿಲು ಮುಂದೆ ಮಾಡಿಕೊಂಡರು. ಮೈದುನ ಪಡಸಾಲೆಯಲ್ಲಿ ಗೋಡೆಗೆ ಒರಗಿ ನಿಂತಿದ್ದ. ಬಿದ್ದ ದಿನದಿಂದ ಅತ್ತೆ ಮೀಯುವಾಗ ಬಾಗಿಲು ಪೂರ್ತಿ ಮುಚ್ಚಲು ಯಾರೂ ಬಿಟ್ಟಿರಲಿಲ್ಲ.

ಒಳಗಿನಿಂದ ಟಕ್ ಎಂದು ಒಂದು ಸದ್ದು.

ಅವನು ನನ್ನ ಕಡೆ ತಿರುಗಿದ. ಕಣ್ಣು ತುಂಬಿ ಬಂದಿತ್ತು, ಮುಖದ ತುಂಬ ನಗು.

“ಅತ್ಗೆ,” ಎಂದ ಪಿಸುದನಿಯಲ್ಲಿ, “ಅವ್ವ ಚಿಲಕ ಆಕ್ಕಂಡ್ಲು!”