ನಾಲ್ಕು ಮೈದಾನಗಳಲ್ಲಿ ಬಿದ್ದ ಮಾವ

ಕೆಲಸದ ಸಂದರ್ಶನಕ್ಕೆ ಹೋಗಿ, ಪ್ರಿನ್ಸಿಪಾಲರ ಕೋಣೆಗೆ ಕಾಲಿಡುವ ಮೊದಲೇ, ಬೇಕಂತಲೇ ನೆಲಕ್ಕೆ ಬೀಳುವ ಮನುಷ್ಯನನ್ನು ನೀವು ಕಂಡಿದ್ದೀರಾ? ಇಲ್ಲವೆಂದರೆ ನೀವಿನ್ನೂ ನಮ್ಮ ಸೋದರಮಾವನನ್ನು ಕಂಡಿಲ್ಲ!

ಆ ಕೆಲಸದ ಮಾತು ಎದ್ದದ್ದು ಬೆಟಗೇರಿಯ ಅವನ ಮನೆಯ ಪಡಸಾಲೆಯಲ್ಲಿ. ಅತ್ತೆ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ನಾನು ಸ್ಕೂಟರ್ ಇಟ್ಟುಕೊಂಡ ತಪ್ಪಿಗೆ ಅಲ್ಲಿದ್ದೆ. ಗದಗ ಜಿಲ್ಲೆ ಹೊಸದಾಗಿ ಆಗಿತ್ತು. ಅಲ್ಲಿಯತನಕ ಕಬಡ್ಡಿ ಸೋಲಲು ಧಾರವಾಡಕ್ಕೆ ಹೋಗುತ್ತಿದ್ದ ನಮ್ಮ ಕಾಲೇಜುಗಳಿಗೆ, ಇನ್ನು ನಮ್ಮಲ್ಲೇ ಗೆಲ್ಲಬಹುದೆಂಬ ಆಸೆ ಹುಟ್ಟಿತ್ತು. ಎಲ್ಲರಿಗೂ ಕೋಚ್ ಬೇಕು! ಒಂದು ಕಾಲಕ್ಕೆ ಈ ಸೀಮೆಯ ಹೆಸರಾಂತ ಆಟಗಾರನಾಗಿದ್ದ ಮಾವನಿಗೆ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ನಾಲ್ಕೂ ಕಡೆಯಿಂದ ಕರೆ.

“ಗದಗಿನ ಕೆಲಸಾನ ಹಿಡೀರಿ. ಮಧ್ಯಾಹ್ನ ಊಟಕ್ಕ ಮನಿಗೆ ಬರಬಹುದು. ನಿಮ್ಮ ಮೊಣಕಾಲ ಮದ್ಲ ಕೆಟ್ಟೈತಿ,” ಎಂದಳು ಅತ್ತೆ.

“ನೆಲಾ ನೋಡದ ಹೆಂಗ ಹೇಳ್ಲಿ? ಹುಡುಗರು ದಿನಾ ಬೀಳೂ ಜಾಗಾದಾಗ ಕೋಚ್ ಒಮ್ಮೆರ ಬೀಳಬೇಕಲ್ಲ?”

ನಾನು ಇದನ್ನು ಬರೀ ಮಾತು ಎಂದುಕೊಂಡಿದ್ದೆ. ಗದಗಿನ ಮೈದಾನದಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ, ದಬ್ಬನೆ ಬಿದ್ದನಲ್ಲ! ಹುಡುಗರು ಚಪ್ಪಾಳೆ ತಟ್ಟಿದರು. “ಗಾದಿ ಇದ್ದಂಗೈತಿ,” ಎಂದು ಮಾವ ಮೈ ಕೊಡವಿದ. ಒಳಗೆ ಪ್ರಿನ್ಸಿಪಾಲರು ಅವನ ಅಂಗಿ ನೋಡಿ, “ದಾರ್ಯಾಗ ಗಾಡಿ ಉರುಳಿತೇನ್ರಿ?” ಎಂದು ನನ್ನನ್ನು ದುರುಗುಟ್ಟಿ ನೋಡಿದರು. ಓಡಿಸಿದವನು ನಾನಲ್ಲವೇ!

ಲಕ್ಷ್ಮೇಶ್ವರದಲ್ಲಿ ಕಂಪೌಂಡಿನ ಮೇಲೆ ಹಳೆಯ ಆಟಗಾರರು ಸಾಲಾಗಿ ಕೂತಿದ್ದರು. ಮಾವ ಬಿದ್ದನೋ ಇಲ್ಲವೋ, “ಎಡಗೈ ತಪ್ಪಾತ್ ನೋಡ್ರಿ!” “ಇನ್ನಷ್ಟ ಮುಂದ ಬೀಳಬೇಕಿತ್ರಿ!” ಮಾವ ನನ್ನ ಕಿವಿಯಲ್ಲಿ ಹೇಳಿದ: “ಲೇ, ಇಲ್ಲಿ ಬೇಕಾಗಿರೋದು ಕೋಚ್ ಅಲ್ಲ, ಆಡವ್ರು!”

ಶಿರಹಟ್ಟಿಯವರು ಮರ್ಯಾದಸ್ತರು. ಬಿದ್ದವನ ಪಕ್ಕಕ್ಕೇ ಕುರ್ಚಿ ತಂದಿಟ್ಟು, “ಕುಂಡ್ರಿ ಸರ್, ಚಾ ಬರ್ತೈತಿ” ಎಂದರು. ಕೈ ಮಾತ್ರ ಯಾರೂ ಕೊಡಲಿಲ್ಲ. ಮಾವ ಕುರ್ಚಿ ಹಿಡಿದುಕೊಂಡೇ ಎದ್ದ.

ಇನ್ನು ಮುಂಡರಗಿ. ಅದು ಮೈದಾನವೇ? ಯಾರೋ ಕಲ್ಲು ಬಿತ್ತಿ ಒಳ್ಳೆಯ ಬೆಳೆ ತೆಗೆದಂತಿತ್ತು!

“ಮಾಮಾ, ಇಲ್ಲಿ ಬ್ಯಾಡ!”

“ಮೂರೂ ಕಡೆ ಬಿದ್ದು ಇಲ್ಲಿ ಬೀಳದಿದ್ರ ಈ ಊರಿಗೆ ಅನ್ಯಾಯ ಆಗ್ತೈತಿ,” ಎಂದವನೇ ಬಿದ್ದ. ಮೊಣಕೈ ಹರಿದು ರಕ್ತ ಬಂತು. ದೂರದ ಬೇವಿನ ನೆರಳಲ್ಲಿದ್ದ ಹುಡುಗರು ಎದ್ದು ಓಡಿ ಬಂದರು. “ಸರ್ರ, ಪೆಟ್ಟಾತೇನ್ರಿ?” ಎನ್ನುತ್ತ ಒಬ್ಬ ರಟ್ಟೆ ಹಿಡಿದ, ಇನ್ನೊಬ್ಬ ಬೆನ್ನಿಗೆ ಕೈಕೊಟ್ಟ.

ಪ್ರಿನ್ಸಿಪಾಲರು ನಾಚಿಕೊಂಡರು. “ಟೀಮ್ ಇನ್ನೂ ಆಗಿಲ್ರಿ. ಮೈದಾನ ಅಂತೂ ನೀವ ನೋಡಿದ್ರಿ.”

“ನೋಡೇನ್ರಿ. ಯಾವಾಗಿಂದ ಬರ್ಲಿ?” ಎಂದ ಮಾವ!

ಮನೆಯಲ್ಲಿ ಅತ್ತೆ ಗಾಯಕ್ಕೆ ಅರಿಶಿನ ಒತ್ತುತ್ತ, “ಗಾದಿ ಸೇರಲಿಲ್ಲ, ಕಲ್ಲ ಸೇರ್ತೇನು ನಿಮಗ?” ಎಂದಳು.

“ಉಳಿದ ಕಡೆ ನಾ ಹೆಂಗ ಬಿದ್ದೆ ಅಂತ ನೋಡಿದ್ರು. ಅಲ್ಲಿ ಎಬ್ಬಸಾಕ ಓಡಿ ಬಂದ್ರು. ಅರ್ಧಾ ಕಬಡ್ಡಿ ಅವರಿಗೆ ಈಗ ಬರ್ತೈತಿ. ಉಳಿದರ್ಧಾ ನಾ ಕಲಸ್ತೀನಿ.”

“ಹೋಗ್ರಿ. ಆ ಮೊಣಕಾಲೂ ಮುರಕೊಂಡ್ರ ನನ್ನ ಕರೀಬ್ಯಾಡ್ರಿ. ಆ ಕಲ್ಲಿನೂರಿಗೆ ನಾ ಕಾಲಿಡಂಗಿಲ್ಲ!”

ಮಾವ ಒಬ್ಬನೇ ಹೋದ.

ದೀಪಾವಳಿಯ ಹೊತ್ತಿಗೆ ಅವನನ್ನು ನೋಡಲು ನಾನು ಮುಂಡರಗಿಗೆ ಹೋದೆ. ಬೆಳಗಿನ ಎಳೆಬಿಸಿಲು. ಮಾವನ ಬಾಯಲ್ಲಿ ಸೀಟಿ ಇತ್ತು, ಊದುತ್ತಿರಲಿಲ್ಲ. ಹುಡುಗರೆಲ್ಲ ಕುಕ್ಕರಗಾಲಲ್ಲಿ ಸಾಲಾಗಿ ಕೂತು ಕಲ್ಲು ಆರಿಸುತ್ತಿದ್ದರು. ಸಾಲಿನ ಮುಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆಟಗೇರಿಯ ಅದೇ ಮೊರ ಇಟ್ಟುಕೊಂಡು ಕೂತಿದ್ದವಳು ಅತ್ತೆ.

“ದೊಡ್ಡವು ಯಾರರ ಆರಸ್ತಾರ,” ಎಂದು ಹುಡುಗರನ್ನು ಗದರುತ್ತಿದ್ದಳು. “ಸಣ್ಣವು ನೋಡ್ರಿ. ಮೊಣಕಾಲಿಗೆ ನೆಡೂವು ಅವ.”

ಮೊರ ತುಂಬಿತು. ಮಾವ ಕುಂಟುತ್ತ ಬಂದು ಅದನ್ನು ಎತ್ತಿಕೊಂಡು ಹೋಗಿ ಬೇಲಿಯಾಚೆ ಸುರಿದ. ಖಾಲಿ ಮೊರವನ್ನು ತಂದು ಮತ್ತೆ ಅವಳ ಮುಂದಿಟ್ಟ.