ಗಾಡಿಯ ಕುದುರೆ ನೇಗಿಲಿಗೆ ಬಂದದ್ದು

ಊರಿನಿಂದ ಬಹು ದೂರ ಬದುಕುವವನಿಗೆ ಒಂದು ದೊಡ್ಡ ಅನುಕೂಲವಿದೆ. ತನ್ನ ಬಾಲ್ಯದ ಬಗ್ಗೆ ಅವನು ಏನು ಹೇಳಿದರೂ ಸುತ್ತಲಿನವರು ನಂಬುತ್ತಾರೆ. ನಾನು ಉಡುಪಿ ಕಡೆಯವನು, ಕೋಲ್ಕತ್ತದಲ್ಲಿ ಬ್ಯಾಂಕಿನ ನೌಕರ. ಊಟದ ಬಿಡುವಿನಲ್ಲಿ ಬಂಗಾಳಿ ಸಹೋದ್ಯೋಗಿಗಳು ಮೀನಿನ ವಿಷಯ ಎತ್ತಿದಾಗಲೆಲ್ಲ ನಾನು ಬೇಸಾಯದ ವಿಷಯ ಎತ್ತುತ್ತಿದ್ದೆ. ಗದ್ದೆ ಉತ್ತು ಬೆಳೆದವನು ನಾನು ಎನ್ನುತ್ತಿದ್ದೆ. ನಡೆದದ್ದು ಇಷ್ಟೇ: ಅಜ್ಜ ಕೋಣ ಕಟ್ಟಿ ಗದ್ದೆ ಸಮ ಮಾಡುವಾಗ ಹಲಗೆಯ ಮೇಲೆ ಭಾರಕ್ಕೆಂದು ನನ್ನನ್ನು ನಿಲ್ಲಿಸುತ್ತಿದ್ದರು. ಒಂದು ಒಳ್ಳೆಯ ಕಲ್ಲು ಆ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡುತ್ತಿತ್ತು. ಕಲ್ಲಿಗಿಂತ ನನ್ನಲ್ಲಿದ್ದ ಒಂದೇ ಗುಣವೆಂದರೆ, ನಾನಾಗಿಯೇ ನಡೆದುಕೊಂಡು ಗದ್ದೆಗೆ ಹೋಗುತ್ತಿದ್ದೆ.

ಈ ಮಾತುಗಳನ್ನು ಹೊರಗಿನವರ ಜೊತೆಗೆ ನನ್ನ ಹೆಂಡತಿ ಮಾಲತಿಯೂ ನಂಬಿದ್ದಳು. ಬಾಲಿಗಂಜ್‌ನ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಬಸಳೆ ಬಳ್ಳಿ ಹಬ್ಬಿ ಕೆಳಗಿನ ಮನೆಯವರ ಕಿಟಕಿಗೆ ಇಳಿದು ಜಗಳವಾದ ಮೇಲೆ, ಅವಳು ಹಟ ಹಿಡಿದು ಬಾರುಯಿಪುರದ ಹತ್ತಿರ ಒಂದು ತುಂಡು ಜಾಗ ಕೊಳ್ಳಿಸಿದಳು. ಲೋಕಲ್ ಟ್ರೇನಿನಲ್ಲಿ ಹೋಗಿ, ಇಳಿದು, ಟೋಟೋ ಎಂಬ ಬ್ಯಾಟರಿ ರಿಕ್ಷಾ ಹಿಡಿದರೆ ಸೀಬೆ ತೋಟಗಳ ನಡುವೆ ನಮ್ಮ ಜಾಗ. ಪಕ್ಕದ ತೋಟ ಒಬ್ಬ ವಿಧವೆಯದು. ಊರಿಗೆಲ್ಲ ಅವರು ಕಾಕಿಮಾ, ಅಂದರೆ ಚಿಕ್ಕಮ್ಮ; ನಮಗೂ ಕಾಕಿಮಾ. ನಮ್ಮ ಬಸಳೆಯೇ ಅವರ ಪುಂಯಿ ಶಾಕ್ ಎಂದು ತಿಳಿದ ದಿನದಿಂದ ಮಾಲತಿಗೂ ಅವರಿಗೂ ಗಟ್ಟಿ ಸ್ನೇಹ. ಬಸಳೆಗೆ ಸೀಗಡಿ ಹಾಕುವ ವಿಷಯದಲ್ಲಿ ಮಾತ್ರ ಇಂದಿಗೂ ಒಪ್ಪಂದವಾಗಿಲ್ಲ.

ಹೀಗಿರುವಾಗ ನಮ್ಮ ಮಗಳು ಅನನ್ಯಾ ಫೋನ್ ಮಾಡಿದಳು. ಅವಳು ಜಾದವ್‌ಪುರದಲ್ಲಿ ಓದುತ್ತಾಳೆ, ಹಾಸ್ಟೆಲಿನಲ್ಲಿರುತ್ತಾಳೆ. ಕೋಲ್ಕತ್ತದ ಮೈದಾನದ ಬದಿಯಲ್ಲಿ ಪ್ರವಾಸಿಗರ ಸವಾರಿ ಗಾಡಿ ಎಳೆದು ಮುದಿಯಾದ ಕುದುರೆಗಳನ್ನು ನೋಡಿಕೊಳ್ಳುವ ಗೆಳೆಯರ ಗುಂಪು ಅವಳದು.

"ಅಪ್ಪ, ಒಂದು ಕುದುರೆ ಉಂಟು. ಬಹುತ್ ಸ್ವೀಟ್ ಹೈ. ನಮ್ಮ ಶೆಡ್ ಫುಲ್. ಓನ್ಲಿ ಟೂ ಮಂತ್ಸ್ ನಿಮ್ಮ ಜಾಗದಲ್ಲಿ ಇಡ್ತೇನೆ."

"ಕುದುರೆಯಿಂದ ನಮಗೆ ಎಂತ ಕೆಲಸ?"

"ಲೈಟ್ ವರ್ಕ್ ಮಾಡ್ಬಹುದು. ನೀವು ಚಿಕ್ಕವರಿರುವಾಗ ಉಳ್ತಿದ್ರಿ ಅಲ್ವಾ?"

ಮಾಲತಿ ನನ್ನ ಕೈಯಿಂದ ಫೋನ್ ತೆಗೆದುಕೊಂಡು, "ಕಳಿಸು ಮಗಾ. ಇವರಿಗೆ ಎಲ್ಲ ಗೊತ್ತುಂಟು" ಎಂದಳು.

ಕುದುರೆ ಸಣ್ಣ ಲಾರಿಯಲ್ಲಿ ಬಂತು. ಬಿಳಿ ಮೈಯ ಹೆಣ್ಣು ಕುದುರೆ, ಹೆಸರು ಬಿಜಲಿ. ಕಾಕಿಮಾ ತಮ್ಮ ಖಾಲಿ ದನದ ಕೊಟ್ಟಿಗೆಯನ್ನು ಬಿಟ್ಟುಕೊಟ್ಟರು. ಸಗಣಿ ಸಿಗದಿದ್ದರೆ ಲದ್ದಿಯಾದರೂ ಸೀಬೆ ಗಿಡಗಳಿಗೆ ಆದೀತು ಎಂಬ ಲೆಕ್ಕ ಅವರದು. ವಾರದ ದಿನಗಳಲ್ಲಿ ಹುಲ್ಲು ನೀರು ಅವರ ಪಾಲಿಗೆ, ಭಾನುವಾರದ ಉಳುಮೆ ನನ್ನ ಪಾಲಿಗೆ.

ಮೊದಲ ತೊಡಕು ನೇಗಿಲಿನದು. ಕಾಕಿಮಾರ ಗಂಡ ಇಟ್ಟುಹೋದ ಮರದ ನೇಗಿಲು ಅಟ್ಟದಲ್ಲಿತ್ತು, ಆದರೆ ಅದು ಜೋಡಿ ಎತ್ತಿನದು. ನೊಗ ಕೂರಲು ಎತ್ತಿನ ಹೆಗಲ ಮೇಲೆ ಹಿಣಿಲು ಇರುತ್ತದೆ, ಕುದುರೆಗೆ ಅಲ್ಲಿ ಏನೂ ಇಲ್ಲ. ನೊಗವನ್ನು ಬಿಜಲಿಯ ಕತ್ತಿನ ಮೇಲಿಟ್ಟು, ಅದು ಜಾರಿ ನನ್ನ ಕಾಲಿನ ಮೇಲೆ ಬಿದ್ದ ನಂತರ ಈ ವಿಷಯ ನನಗೆ ತಿಳಿಯಿತು. ಕೊನೆಗೆ ಗಾಡಿ ಕಟ್ಟುವಾಗ ಎದೆಗೆ ಹಾಕುವ ಚರ್ಮದ ಪಟ್ಟಿಯನ್ನು ಅನನ್ಯಾ ತಂದುಕೊಟ್ಟಳು. ಬಡಗಿಯೊಬ್ಬ ನೇಗಿಲಿನ ಉದ್ದದ ಮರವನ್ನು ಕತ್ತರಿಸಿ, ಅಡ್ಡಕ್ಕೊಂದು ಕೋಲು ಜೋಡಿಸಿ, ಎರಡು ಹಗ್ಗ ಬಿಟ್ಟ. ಒಂದು ಒಳ್ಳೆಯ ನೇಗಿಲನ್ನು ಹಾಳು ಮಾಡಿದ್ದಕ್ಕೆ ತಾನು ಹೊಣೆಯಲ್ಲ ಎಂದು ಎಲ್ಲರ ಮುಂದೆ ಹೇಳಿ ಹೋದ.

ಮೊದಲ ಮಳೆ ಬಿದ್ದು ಮಣ್ಣು ಮೆದುವಾದ ಭಾನುವಾರ ನಾವು ಬಿಜಲಿಯನ್ನು ಕಟ್ಟಿದೆವು. ಅಜ್ಜ ಕೋಣಗಳಿಗೆ ಹಾಕುತ್ತಿದ್ದ ಕೂಗನ್ನು ನಾನು ಹಾಕಿದೆ. ಬಿಜಲಿ ಕಿವಿಯನ್ನು ಹಿಂದಕ್ಕೆ ತಿರುಗಿಸಿ ಸುಮ್ಮನೆ ನಿಂತಿತು. "ಚಲ್" ಎಂದಾಗ ನಡೆಯಿತು, ಆದರೆ ಹೊಲದ ಕಡೆಗಲ್ಲ. ಟಾರು ರಸ್ತೆಯಲ್ಲಿ ಜೀವ ಸವೆಸಿದ ಪ್ರಾಣಿ ಅದು. ಕೆಸರನ್ನು ಒಮ್ಮೆ ಮೂಸಿ, ಬದಿಯ ಇಟ್ಟಿಗೆ ದಾರಿ ಹಿಡಿದು ಗಂಭೀರವಾಗಿ ಹೊರಟಿತು. ನೇಗಿಲು ಇಟ್ಟಿಗೆಯ ಮೇಲೆ ಕರಕರ ಎನ್ನುತ್ತ ಹಿಂದೆ, ಅದರ ಹಿಂದೆ ನಾನು. ದಾರಿಯುದ್ದಕ್ಕೂ ಜನ ಮನೆಯಿಂದ ಹೊರಬಂದು ಫೋನ್ ಎತ್ತಿದರು. ಫೋನ್ ಎತ್ತಿದ ಕೂಡಲೇ ಬಿಜಲಿ ನಿಂತಿತು, ಕತ್ತನ್ನು ತುಸು ಓರೆ ಮಾಡಿತು. ಅಷ್ಟು ವರ್ಷ ಪ್ರವಾಸಿಗರ ಫೋಟೊಗೆ ನಿಂತ ಅಭ್ಯಾಸ. ಒಬ್ಬನದು ಮುಗಿದರೆ ಇನ್ನೊಬ್ಬ ಎತ್ತುತ್ತಿದ್ದ. ಕಾಕಿಮಾ ಸೆರಗು ಬಿಗಿದು ಬಂದು, ಎಲ್ಲರೂ ಫೋನನ್ನು ಜೇಬಿಗೆ ಹಾಕದಿದ್ದರೆ ಈ ವರ್ಷ ಒಬ್ಬರಿಗೂ ಸೀಬೆಹಣ್ಣು ಕೊಡುವುದಿಲ್ಲ ಎಂದ ಮೇಲೆಯೇ ದಾರಿ ತೆರವಾಯಿತು.

ಬಿಜಲಿಯನ್ನು ಹೊಲಕ್ಕೆ ಇಳಿಸಿದ್ದು ಹೇಗೆಂದರೆ, ಸಿಟ್ಟಿನಿಂದ ನಾನು ನೇಗಿಲು ಬಿಟ್ಟು ಮನೆಗೆ ಹೋಗುತ್ತೇನೆಂದು ಹೊಲಕ್ಕೆ ಅಡ್ಡವಾಗಿ ನಡೆಯತೊಡಗಿದೆ. ಬಿಜಲಿ ನನ್ನ ಹಿಂದೆಯೇ ಕೆಸರಿಗೆ ಇಳಿಯಿತು. ಸಾಲಾಗಿ ಹೋಗುವ ಗಾಡಿಗಳಲ್ಲಿ ಮುಂದಿನದನ್ನು ನೋಡಿ ನಡೆದ ಕುದುರೆಗೆ ಮುಂದೆ ಯಾರಾದರೂ ಇರಬೇಕಿತ್ತು, ಅಷ್ಟೆ.

"ನಿಲ್ಬೇಡಿ, ನೀವು ಹೀಗೇ ಹೋಗ್ತಾ ಇರಿ ಮಾರಾಯ್ರೆ" ಎಂದು ಮಾಲತಿ ಸೀರೆ ಎತ್ತಿ ಕಟ್ಟಿ ನೇಗಿಲಿನ ಹಿಡಿ ಹಿಡಿದಳು.

"ನಿನಗೆ ಗೊತ್ತುಂಟಾ ಉಳ್ಲಿಕ್ಕೆ?"

"ನಿಮಗೆ ಎಷ್ಟು ಗೊತ್ತುಂಟು ಅಂತ ನೋಡಿ ಆಯ್ತಲ್ಲ."

ಹಾಗೆ ನಾನು ಮುಂದೆ, ಬಿಜಲಿ ನಡುವೆ, ಮಾಲತಿ ಹಿಂದೆ. ನನ್ನ ಭುಜದ ಮೇಲೆ ಬಿಜಲಿಯ ಬಿಸಿಯುಸಿರು. ಸಾಲು ಹಾವಿನಂತೆ ಹೋಯಿತು, ಆದರೂ ಸಾಲು. ಮಣ್ಣು ಕಪ್ಪಗೆ ಮಗುಚಿಕೊಂಡಿತು, ಬೆಳ್ಳಕ್ಕಿಗಳು ಬಂದು ಹುಳ ಹೆಕ್ಕಿದವು. ಕಾಕಿಮಾ ಬೇಲಿಗೊರಗಿ, "ದಾದಾ, ಇದರಲ್ಲಿ ಉಳುವವರು ಯಾರು?" ಎಂದು ಕೇಳಿದರು. ನಾನು ನಡೆಯುತ್ತಲೇ ಇದ್ದೆ. ಮಾಲತಿ ನಗುತ್ತಿದ್ದಳು. ಅವಳು ಹಾಗೆ ನಕ್ಕು ಬಹಳ ದಿನಗಳಾಗಿದ್ದವು.

ಆಮೇಲಿನ ಭಾನುವಾರಗಳಿಗಾಗಿ ನಾನು ಕಾಯತೊಡಗಿದೆ. ಬ್ಯಾಂಕಿನಲ್ಲಿ ಬೇಸಾಯದ ಮಾತು ತಾನಾಗಿಯೇ ಕಡಿಮೆಯಾಯಿತು. ಮಾಡತೊಡಗಿದ ಮೇಲೆ ಹೇಳಲು ಅಷ್ಟೇನೂ ಇರುವುದಿಲ್ಲ. ಅರ್ಧ ಜಾಗದಲ್ಲಿ ಬಸಳೆ, ಅಲಸಂಡೆ ಮೊಳೆತವು. ಇನ್ನರ್ಧ ಉಳುವುದು ಬಾಕಿಯಿತ್ತು. ಒಂದು ದಿನ ಎದೆಯ ಪಟ್ಟಿ ಬಿಚ್ಚುವಾಗ ಮಾಲತಿಯ ಕೈ ಅಲ್ಲೇ ನಿಂತಿತು.

"ಇಲ್ನೋಡಿ. ಇಲ್ಲಿ ಕೂದಲೇ ಇಲ್ಲ. ಮುಟ್ಟಿದ್ರೆ ಹಿಂದೆ ಸರೀತದೆ."

ಪಟ್ಟಿಯ ಕೆಳಗೆ ಹಳೆಯ ಗಾಯದ ಕಲೆ ಕೆಂಪಗಾಗಿತ್ತು. ಸಂಜೆ ಟ್ರೇನಿನಿಂದಲೇ ಮಾಲತಿ ಅನನ್ಯಾಗೆ ಫೋನ್ ಮಾಡಿದಳು. ನೋವನ್ನು ಹೇಳದೆ ಬಿಜಲಿ ನನ್ನ ಹಿಂದೆ ನಡೆದಿತ್ತು, ನಾನು ತಿರುಗಿಯೂ ನೋಡಿರಲಿಲ್ಲ.

ಮುಂದಿನ ಭಾನುವಾರ ಅನನ್ಯಾ ತನ್ನ ಗುಂಪಿನ ಕುದುರೆಗಳನ್ನು ನೋಡುವ ಪಶುವೈದ್ಯರನ್ನು ಕರೆತಂದಳು. ತೆಳ್ಳಗಿನ, ಮಾತು ಕಡಿಮೆಯ ಬಂಗಾಳಿ ಯುವಕ. ಬಿಜಲಿಯ ಕಾಲು ಎತ್ತಿ ನೋಡಿದ, ಎದೆಗೆ ಕಿವಿಯಿಟ್ಟು ಕೇಳಿದ, ಬಾಯಿ ತೆರೆದು ಹಲ್ಲು ನೋಡಿದ. "ಇದರ ವಯಸ್ಸನ್ನು ನಿಮಗೆ ಕಡಿಮೆ ಹೇಳಿದ್ದಾರೆ. ನಾನೂ ಮೊದಲೇ ನೋಡಬೇಕಿತ್ತು. ಇನ್ನು ಇದು ಏನನ್ನೂ ಎಳೆಯಬಾರದು. ಮೇಯಲಿ, ನೆರಳಿನಲ್ಲಿ ನಿಲ್ಲಲಿ" ಎಂದ.

ಅನನ್ಯಾ ನೆಲ ನೋಡುತ್ತ ನಿಂತಳು. "ಅಪ್ಪ, ಶೆಡ್‌ನಲ್ಲಿ ಇನ್ನೂ ಜಾಗ ಇಲ್ಲ. ಕೆಲಸ ಮಾಡದ ಕುದುರೆ ಯಾರೂ ಇಟ್ಕೊಳ್ಳೋದಿಲ್ಲ. ನೀವು ಬೇಡ ಅಂದ್ರೆ ಐ ವಿಲ್ ಅಂಡರ್‌ಸ್ಟ್ಯಾಂಡ್."

ಮಾಲತಿ ನನ್ನ ಮುಖ ನೋಡಿದಳು. ಹೀಗೆ ನನ್ನ ಮುಖ ನೋಡಿ ಕಾಯುವುದು ಅವಳ ಅಭ್ಯಾಸವಲ್ಲ.

"ಇಲ್ಲಿಂದ ಎಲ್ಲಿಗೆ ಹೋಗ್ತದೆ ಅದು. ಇಲ್ಲೇ ಇರ್ಲಿ" ಎಂದೆ. ಪಕ್ಕದಲ್ಲೇ ನಿಂತಿದ್ದ ಕಾಕಿಮಾರಿಗೆ ಕನ್ನಡ ಬಾರದು, ಆದರೂ ತಲೆಯಾಡಿಸಿ ಹುಲ್ಲು ತರಲು ಹೋದರು.

ಮನಸ್ಸು ಹಗುರಾಯಿತು. ಹಗುರಾದಾಗ ತಮಾಷೆ ಮಾಡುವುದು ನನ್ನ ದೌರ್ಬಲ್ಯ. ನನಗೂ ನಿವೃತ್ತಿ ಹತ್ತಿರ ಬಂದಿದೆ, ಹಾಗೆಯೇ ನನ್ನ ಹಲ್ಲನ್ನೂ ಒಮ್ಮೆ ನೋಡಿಬಿಡಿ ಎಂದು ವೈದ್ಯರ ಮುಂದೆ ಬಾಯಿ ತೆರೆದು ನಿಂತೆ. ಆತ ನಗಲಿಲ್ಲ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಉಳಿದ ಅರ್ಧ ಹೊಲವನ್ನೂ ನೋಡಿ, "ನಿಮ್ಮಿಂದ ಇನ್ನೂ ಕೆಲಸ ತೆಗೆಯಬಹುದು" ಎಂದ. ನಾನು ಬಾಯಿ ಮುಚ್ಚುವಷ್ಟರಲ್ಲಿ ಮಾಲತಿ ಕೊಟ್ಟಿಗೆಯೊಳಗಿಂದ ಗುದ್ದಲಿ ತಂದಿದ್ದಳು.